ಹ್ಯಾಂಬರ್ಗಿನ ಕುಡಿಯುವ ನೀರು

ಶಾಲೆಯ ಭೂಗೋಳ ಪಾಠದಲ್ಲಿ ಹ್ಯಾಂಬರ್ಗ್ ನಗರಕ್ಕೆ ದೊರೆಯುತ್ತಿದ್ದುದು ಒಂದೇ ಒಂದು ವಾಕ್ಯ: ಎಲ್ಬೆ ನದಿಯ ದಡದಲ್ಲಿರುವ ಇದು ಜರ್ಮನಿಯ ಅತಿ ದೊಡ್ಡ ಬಂದರು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಾಗಿ ಅದು ನೆನಪಿರಬಹುದು. ಮಗಳೂ ಅಳಿಯನೂ ಅಲ್ಲಿ ನೆಲೆಸಿರುವುದರಿಂದ ಆ ನಗರದಲ್ಲಿ ಎರಡು ಬೇಸಿಗೆಗಳನ್ನು ಕಳೆಯುವ ಅವಕಾಶ ನನಗೆ ಒದಗಿತು. ಅಲ್ಲಿ ಏನೇನು ನೋಡಿದಿರಿ ಎಂದು ಬಂಧುಗಳು ಆಗಾಗ ಕೇಳುತ್ತಿರುತ್ತಾರೆ. ನೋಡಿದ್ದು ಬಹಳ. ಆದರೆ ಮನಸ್ಸಿನಲ್ಲಿ ಆಳವಾಗಿ ನಿಂತದ್ದು ಆ ನಗರದ ಕುಡಿಯುವ ನೀರಿನ ಕಥೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಂದರು ಎಂದೊಡನೆ ನಾವು ಕಡಲತೀರವನ್ನು ಕಲ್ಪಿಸಿಕೊಳ್ಳುತ್ತೇವೆ. ಹ್ಯಾಂಬರ್ಗ್ ಇರುವುದು ಉತ್ತರ ಸಮುದ್ರದಿಂದ ಸುಮಾರು 100 ಕಿಲೋಮೀಟರು ಒಳನಾಡಿನಲ್ಲಿ. ಆದರೂ ಕಡಲಿನ ಉಬ್ಬರವಿಳಿತ ಎಲ್ಬೆಯ ಮೂಲಕ ಅಲ್ಲಿಯವರೆಗೂ ಬರುತ್ತದೆ. ನದಿಯ ನೀರು ದಿನಕ್ಕೆರಡು ಬಾರಿ ಹಿಮ್ಮುಖವಾಗಿ ಹರಿಯುತ್ತದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದು ಬೇಕಾಗುತ್ತದೆ. 1189ರ ಮೇ 7ರಂದು ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಈ ಊರಿಗೆ ಸುಂಕದ ವಿನಾಯಿತಿ ನೀಡಿದನೆಂದು ಹೇಳಿ, ಪ್ರತಿ ವರ್ಷ ಮೇ ತಿಂಗಳಲ್ಲಿ ಬಂದರಿನ ಹುಟ್ಟುಹಬ್ಬವನ್ನು ವೈಭವದಿಂದ ಆಚರಿಸುತ್ತಾರೆ. ಈಗ ಉಳಿದಿರುವ ಆ ಶಾಸನಪತ್ರವು ನಂತರದ ಕಾಲದ ಕೃತಕ ಸೃಷ್ಟಿಯೆಂದು ಇತಿಹಾಸಕಾರರು ತೋರಿಸಿದ್ದಾರೆ. ಅದರಿಂದ ಹಬ್ಬದ ಸಂಭ್ರಮಕ್ಕೇನೂ ಕುಂದು ಬಂದಿಲ್ಲ!

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಹ್ಯಾಂಬರ್ಗ್ ಶ್ರೀಮಂತ ನಗರವಾಗಿತ್ತು. 1888ರಲ್ಲಿ ಅದು ಜರ್ಮನಿಯ ಸುಂಕದ ಒಕ್ಕೂಟವನ್ನು ಸೇರಿದಾಗ, ಸುಂಕವಿಲ್ಲದೆ ಸರಕನ್ನು ಇರಿಸಿಕೊಳ್ಳಲು ಬಂದರಿನಲ್ಲಿ ಪ್ರತ್ಯೇಕ ಪ್ರದೇಶವೊಂದನ್ನು ಉಳಿಸಿಕೊಂಡಿತು. ಅಲ್ಲಿ ಕಾಲುವೆಗಳ ಅಂಚಿನಲ್ಲಿ ಎದ್ದುನಿಂತ ಕೆಂಪು ಇಟ್ಟಿಗೆಯ ಉಗ್ರಾಣಗಳ ಸಾಲಿಗೆ ಸ್ಪೈಖರ್‌ಸ್ಟಾಟ್, ಅಂದರೆ ಉಗ್ರಾಣಗಳ ನಗರ, ಎಂದು ಹೆಸರು. ಕಾಫಿ, ಚಹಾ, ಕೋಕೋ, ಸಂಬಾರ ಪದಾರ್ಥಗಳೆಲ್ಲ ಅಲ್ಲಿ ಮೂಟೆಮೂಟೆಯಾಗಿ ರಾಶಿ ಬೀಳುತ್ತಿದ್ದವು. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿಗೆ ಇಂದಿಗೂ ಜರ್ಮನಿ ಒಬ್ಬ ದೊಡ್ಡ ಗಿರಾಕಿ. 2015ರಲ್ಲಿ ಯುನೆಸ್ಕೋ ಈ ಉಗ್ರಾಣಗಳನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅವು ನಿಜಕ್ಕೂ ಸುಂದರವಾಗಿವೆ. ಆದರೆ ಅವನ್ನು ಕಟ್ಟುವುದಕ್ಕಾಗಿ ಅಲ್ಲಿ ವಾಸವಾಗಿದ್ದ ಸುಮಾರು 20,000 ಜನರನ್ನು ಎಬ್ಬಿಸಲಾಯಿತು. ಅವರಲ್ಲಿ ಬಡವರು ಇಕ್ಕಟ್ಟಾದ ಓಣಿಗಳ ಕತ್ತಲೆಯ ಕೋಣೆಗಳಿಗೆ ಹೋಗಿ ಸೇರಿದರು.

ನಾಲ್ಕೇ ವರ್ಷಗಳ ಬಳಿಕ, 1892ರ ಆಗಸ್ಟ್ ತಿಂಗಳಲ್ಲಿ, ಆ ನಗರಕ್ಕೆ ಕಾಲರಾ ಬಂದಿತು. ಮೊದಲ ರೋಗಿಗಳು ಕಾಣಿಸಿಕೊಂಡ ಮೇಲೂ ಒಂದು ವಾರಕ್ಕೂ ಹೆಚ್ಚು ಕಾಲ ಆಡಳಿತವು ಅದು ಕಾಲರಾ ಎಂದು ಒಪ್ಪಿಕೊಳ್ಳಲಿಲ್ಲ. ಒಪ್ಪಿಕೊಂಡರೆ ಬೇರೆ ದೇಶಗಳ ಬಂದರುಗಳು ಹ್ಯಾಂಬರ್ಗಿನ ಹಡಗುಗಳಿಗೆ ಬಾಗಿಲು ಮುಚ್ಚುತ್ತಿದ್ದವು, ವ್ಯಾಪಾರ ನಿಲ್ಲುತ್ತಿತ್ತು. ಆ ದಿನಗಳಲ್ಲಿ ಜನ ಎಂದಿನಂತೆ ನಲ್ಲಿಯ ನೀರನ್ನು ಕುಡಿಯುತ್ತಲೇ ಇದ್ದರು. ಕೆಲವೇ ವಾರಗಳಲ್ಲಿ 8,600ಕ್ಕೂ ಹೆಚ್ಚು ಜನ ಸತ್ತರು. ರಷ್ಯಾದಿಂದ ಬಂದು ಅಮೆರಿಕದ ಹಡಗಿಗಾಗಿ ಕಾಯುತ್ತಿದ್ದ ಬಡ ಯಹೂದಿ ವಲಸಿಗರ ಮೇಲೆ ಅನೇಕರು ತಪ್ಪು ಹೊರಿಸಿದರು. ರೋಗಾಣು ಯಾರೊಡನೆಯೇ ಬಂದಿರಲಿ, ಅದನ್ನು ಮನೆಮನೆಗೂ ಮುಟ್ಟಿಸಿದ್ದು ನಗರದ ನಲ್ಲಿಯೇ ಆಗಿತ್ತು.

ಹ್ಯಾಂಬರ್ಗಿನಲ್ಲಿ ನಲ್ಲಿಗಳಿಗೆ ಕೊರತೆ ಇರಲಿಲ್ಲ. 1842ರ ಮಹಾ ಅಗ್ನಿ ಅನಾಹುತದ ಬಳಿಕ ವಿಲಿಯಂ ಲಿಂಡ್ಲಿ ಎಂಬ ಇಂಗ್ಲಿಷ್ ಎಂಜಿನಿಯರು ಯೂರೋಪಿಗೇ ಮಾದರಿಯಾಗುವಂತಹ ಒಳಚರಂಡಿಯನ್ನೂ ನೀರು ಸರಬರಾಜನ್ನೂ ಅಲ್ಲಿ ನಿರ್ಮಿಸಿದ್ದ. ನದಿಯ ಮೇಲ್ಭಾಗದಲ್ಲಿ ನೀರೆತ್ತಿ, ಕೆಳಭಾಗದಲ್ಲಿ ಕೊಳಚೆ ಬಿಡುವುದು ಆ ಯೋಜನೆ. ಆದರೆ ಉಬ್ಬರದ ಹೊತ್ತಿನಲ್ಲಿ ನದಿ ಹಿಮ್ಮುಖವಾಗಿ ಹರಿಯುತ್ತದೆಂದು ಮೊದಲೇ ಹೇಳಿದೆನಲ್ಲ! ಬಿಟ್ಟ ಕೊಳಚೆ ಮರಳಿ ಮೇಲಕ್ಕೆ ಬರುತ್ತಿತ್ತು. ಎತ್ತಿದ ನೀರನ್ನು ಶೋಧಿಸುವ ವ್ಯವಸ್ಥೆಯೂ ಇರಲಿಲ್ಲ.

ಹ್ಯಾಂಬರ್ಗಿಗೆ ಗೋಡೆಗೆ ಗೋಡೆ ಅಂಟಿಕೊಂಡಂತೆ ಆಲ್ಟೋನಾ ಎಂಬ ಊರಿತ್ತು. ಇಂದು ಅದು ಹ್ಯಾಂಬರ್ಗಿನದೇ ಬಡಾವಣೆ, ಆಗ ಪ್ರಷ್ಯಾ ರಾಜ್ಯಕ್ಕೆ ಸೇರಿದ ಪ್ರತ್ಯೇಕ ನಗರ. ಅದು ನೀರೆತ್ತುತ್ತಿದ್ದುದು ಹ್ಯಾಂಬರ್ಗಿನ ಕೊಳಚೆಯೆಲ್ಲ ಸೇರಿದ ಮೇಲಿನ ಎಲ್ಬೆಯಿಂದ. ಆದರೆ 1859ರಿಂದಲೇ ಅದು ಆ ನೀರನ್ನು ಮರಳಿನಲ್ಲಿ ಶೋಧಿಸಿ ಕೊಡುತ್ತಿತ್ತು. 1892ರಲ್ಲಿ ಆಲ್ಟೋನಾದಲ್ಲಿ ಸತ್ತವರ ಸಂಖ್ಯೆ ಕೆಲವು ನೂರನ್ನು ಮೀರಲಿಲ್ಲ. ಎರಡು ಊರುಗಳ ಗಡಿಯಾಗಿದ್ದ ಬೀದಿಗಳಲ್ಲಿ ಒಂದು ಬದಿಯ ಮನೆಗಳಲ್ಲಿ ರೋಗ, ಎದುರು ಬದಿಯಲ್ಲಿ ಇಲ್ಲ. ಗಾಳಿ, ಮಣ್ಣು, ಬಡತನ ಎರಡೂ ಬದಿಗಳಲ್ಲಿ ಒಂದೇ. ಬೇರೆಯಾಗಿದ್ದುದು ನೀರಿನ ಕೊಳವೆ ಮಾತ್ರ. ವಿಜ್ಞಾನದ ತರಗತಿಯಲ್ಲಿ ಪ್ರಯೋಗವೆಂದರೇನು ಎಂಬುದನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ, ಇದಕ್ಕಿಂತ ದಾರುಣವಾದ ಉದಾಹರಣೆ ನನಗೆ ತಿಳಿದಿಲ್ಲ.

ಇದನ್ನು ನೋಡಿ ದಾಖಲಿಸಿದವರಲ್ಲಿ ಪ್ರಮುಖನಾದವನು ರಾಬರ್ಟ್ ಕಾಕ್. ಸಾಮ್ರಾಜ್ಯ ಸರಕಾರ ಅವನನ್ನು ಬರ್ಲಿನ್ನಿನಿಂದ ಹ್ಯಾಂಬರ್ಗಿಗೆ ಕಳುಹಿಸಿತ್ತು. ಇದೇ ಕಾಕ್ ನಮ್ಮ ಕಲ್ಕತ್ತೆಗೆ ಬಂದು, 1884ರಲ್ಲಿ ಅಲ್ಲಿಯ ಕೆರೆಯೊಂದರ ನೀರಿನಲ್ಲಿ ಕಾಲರಾದ ರೋಗಾಣುವನ್ನು ಗುರುತಿಸಿದ್ದ. ಜ್ಞಾನ ಹ್ಯಾಂಬರ್ಗನ್ನು ತಲುಪಲು ಎಂಟು ವರ್ಷಗಳ ಸಮಯವಿತ್ತು. ಶೋಧಕ ಕಟ್ಟುವ ಮಾತು ಆ ನಗರದಲ್ಲಿ ಅದಕ್ಕೂ ಹಿಂದಿನಿಂದಲೇ ನಡೆಯುತ್ತಿತ್ತು. ಖರ್ಚು ಎಷ್ಟು, ತೆರಿಗೆ ಯಾರ ಮೇಲೆ ಎಂಬ ವಾದದಲ್ಲಿ ವರ್ಷಗಳು ಕಳೆದು, 1890ರಲ್ಲಿ ಕೊನೆಗೂ ತೀರ್ಮಾನವಾಯಿತು. ಶುಲ್ಕ ತೆತ್ತು ಪೌರತ್ವ ಪಡೆದವರಿಗೆ ಮಾತ್ರ ಅಲ್ಲಿ ಮತದಾನದ ಹಕ್ಕಿತ್ತು. ಬಂದರಿನಲ್ಲಿ ಮೂಟೆ ಹೊರುವವನ ದನಿ ಆ ಸಭೆಯನ್ನು ತಲುಪುತ್ತಿರಲಿಲ್ಲ. ಶೋಧಕದ ಕೆಲಸ ಮುಗಿಯುವ ಮುನ್ನವೇ ರೋಗ ಬಂದಿತು. ರಿಚರ್ಡ್ ಇವಾನ್ಸ್ ಎಂಬ ಇತಿಹಾಸಕಾರರು 1987ರಲ್ಲಿ ಈ ವಿಷಯವನ್ನು ಕುರಿತು ಬೃಹತ್ ಗ್ರಂಥವನ್ನೇ ಬರೆದಿದ್ದಾರೆ.

ನನಗೆ ಇದು ಕೇವಲ ಪರದೇಶದ ಚರಿತ್ರೆಯಾಗಿ ಕಾಣಲಿಲ್ಲ. ನಮ್ಮ ಅಜ್ಜಿಯ ಇಬ್ಬರು ಅಣ್ಣಂದಿರು ಒಂದೇ ವಾರದಲ್ಲಿ ವಾಂತಿಭೇದಿಯಿಂದ ತೀರಿಕೊಂಡಿದ್ದರು. ಊರವರು ಮಾರಿಯ ಮುನಿಸೆಂದು ತಿಳಿದು, ಗಡಿಯಾಚೆ ಪೂಜೆ ಮಾಡಿ ಬಂದು, ಅದೇ ಕೆರೆಯ ನೀರನ್ನು ಕುಡಿದರಂತೆ. ಅಜ್ಜಿ ಇದನ್ನು ಹೇಳುವಾಗ ಯಾರನ್ನೂ ದೂರುತ್ತಿರಲಿಲ್ಲ. ತಿಳಿಯದವರು ಹಾಗೆ ಮಾಡಿದರೆ ಅರ್ಥವಾಗುತ್ತದೆ. ತಿಳಿದವರು, ಹಣವಿದ್ದವರು, ನೆರೆಯೂರಿನಲ್ಲಿ ಕಣ್ಣೆದುರೇ ಉದಾಹರಣೆ ಇದ್ದವರು ಮುಂದೂಡುತ್ತ ಹೋದದ್ದು ನನ್ನನ್ನು ಬಹುವಾಗಿ ಕಾಡಿತು.

1893ರಲ್ಲಿ ಕಾಲ್ಟೆಹೋಫೆ ಎಂಬ ನದೀದ್ವೀಪದಲ್ಲಿ ಶೋಧಕ ಸಿದ್ಧವಾಯಿತು. 1990ರವರೆಗೆ ನಗರಕ್ಕೆ ನೀರು ಕೊಟ್ಟ ಆ ಸ್ಥಾವರ ಈಗ ವಸ್ತುಸಂಗ್ರಹಾಲಯವಾಗಿದೆ. ಮಗಳು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಹುಲ್ಲಿನ ನಡುವೆ ಸಾಲಾಗಿ ಹಳೆಯ ಕೊಳಗಳು, ಪಕ್ಕದಲ್ಲಿ ಇಟ್ಟಿಗೆಯ ಪುಟ್ಟ ಪುಟ್ಟ ಮನೆಗಳು. ಕೊಳದ ತಳದಲ್ಲಿ ಜಲ್ಲಿ, ಅದರ ಮೇಲೆ ದಪ್ಪನಾದ ಮರಳಿನ ಹಾಸು. ನೀರು ಅದರೊಳಗೆ ನಿಧಾನವಾಗಿ ಇಳಿಯುತ್ತದೆ. ಕೆಲವು ದಿನಗಳಲ್ಲಿ ಮರಳಿನ ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳ ತೆಳುವಾದ ಲೋಳೆಯ ಪೊರೆ ಬೆಳೆಯುತ್ತದೆ. ರೋಗಾಣುಗಳನ್ನು ಬಹುಮಟ್ಟಿಗೆ ತಡೆದು ನಾಶಪಡಿಸುವುದು ಆ ಪೊರೆಯೇ. ಇದನ್ನೆಲ್ಲ ಮೊಮ್ಮಗನಿಗೆ ವಿವರಿಸಿದೆ. ಅವನು ಕೊಳವನ್ನು ಇಣುಕಿ ನೋಡಿ, "ಇಷ್ಟೇನಾ ಅಜ್ಜಾ? ಬರೀ ಮರಳಾ?" ಎಂದ. "ಇಷ್ಟೇ ಕಣೋ," ಎಂದೆ. ಮಗಳು ಏನೂ ಮಾತನಾಡಲಿಲ್ಲ.

ಆ ನಗರ ಮುಂದೆಯೂ ನೋವುಂಡಿದೆ. 1943ರ ಜುಲೈ ಕೊನೆಯ ವೈಮಾನಿಕ ದಾಳಿಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸುಟ್ಟು, ಉಸಿರುಗಟ್ಟಿ ಸತ್ತರು. ಅತಿ ಹೆಚ್ಚು ನಾಶವಾದದ್ದು ಕಾರ್ಮಿಕರ ಬಡಾವಣೆಗಳು. 1962ರ ಫೆಬ್ರವರಿ 16ರ ರಾತ್ರಿ ಬಿರುಗಾಳಿಯೊಡನೆ ಉಕ್ಕಿದ ಕಡಲು ಒಡ್ಡುಗಳನ್ನು ಒಡೆದು 315 ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಹೆಚ್ಚಿನವರು ವಿಲ್ಹೆಲ್ಮ್ಸ್‌ಬುರ್ಗ್ ಎಂಬ ತಗ್ಗಿನ ದ್ವೀಪದವರು. ಯುದ್ಧದಲ್ಲಿ ಮನೆ ಕಳೆದುಕೊಂಡು ಗುಡಿಸಲಿನಂತಹ ತೋಟದ ಮನೆಗಳಲ್ಲಿದ್ದವರೂ ಅವರಲ್ಲಿ ಸೇರಿದ್ದರು. ಆಮೇಲೆ ಒಡ್ಡುಗಳನ್ನು ಬಹಳ ಎತ್ತರಿಸಿದರು.

ಇಂದು ಬಂದರಿನಲ್ಲಿ ಮೂಟೆ ಹೊರುವವರಿಲ್ಲ. 2024ರಲ್ಲಿ ಸುಮಾರು 78 ಲಕ್ಷ ಕಂಟೇನರ್ ಮಾನಗಳಷ್ಟು ಸರಕು ಅಲ್ಲಿ ಹಾದುಹೋಯಿತು. ಆಲ್ಟನ್‌ವರ್ಡರ್‌ನಲ್ಲಿ ಕಂಟೇನರುಗಳನ್ನು ಹೊತ್ತ ಬಂಡಿಗಳು ಚಾಲಕರಿಲ್ಲದೆ ತಾವೇ ಓಡಾಡುತ್ತವೆ. ಅದು ಹಿಂದೆ ಮೀನುಗಾರರ ಹಳ್ಳಿಯಾಗಿತ್ತು; ಹಳ್ಳಿಯನ್ನು ತೆರವು ಮಾಡಿದ ಮೇಲೆ ಉಳಿದಿರುವುದು ಚರ್ಚು ಮತ್ತು ಅದರ ಸ್ಮಶಾನ. 1888ರ ಸುಂಕರಹಿತ ವಲಯವೂ 2013ರಲ್ಲಿ ಕೊನೆಗೊಂಡಿತು. ಹಳೆಯ ಕೋಕೋ ಉಗ್ರಾಣವೊಂದರ ಮೇಲೆ ಗಾಜಿನ ಅಲೆಯಂತೆ ನಿಂತಿರುವ ಎಲ್ಬ್‌ಫಿಲ್ಹಾರ್ಮೊನಿ ಸಂಗೀತ ಮಂದಿರ 2017ರಲ್ಲಿ ತೆರೆಯಿತು. ನಗರದ ಬೊಕ್ಕಸದಿಂದ 7.7 ಕೋಟಿ ಯೂರೋ ಸಾಕೆಂದು ಆರಂಭಿಸಿದ ಆ ಕಟ್ಟಡಕ್ಕೆ ಕೊನೆಗೆ 78.9 ಕೋಟಿ ತಗುಲಿತು. ಅದರ ಮೇಲಿನ ಜಗಲಿಯಿಂದ ಬಂದರನ್ನು ನೋಡುವುದು ಕಣ್ಣಿಗೆ ಹಬ್ಬವೆಂಬುದರಲ್ಲಿ ಸಂಶಯವಿಲ್ಲ. ನಲ್ಲಿಯ ನೀರು ಮಾತ್ರ 1964ರಿಂದ ನದಿಯದಲ್ಲ, ಪೂರ್ತಿಯಾಗಿ ಅಂತರ್ಜಲ. ನಾನು ಅಲ್ಲಿದ್ದಷ್ಟು ದಿನವೂ ಅದನ್ನು ಹಾಗೆಯೇ ಹಿಡಿದು ಕುಡಿದೆ, ಬಹಳ ರುಚಿಯಾಗಿತ್ತು.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಎಂಜಿನಿಯರುಗಳು, ಪುರಸಭೆಯ ಸದಸ್ಯರು, ಆರೋಗ್ಯ ಇಲಾಖೆಯ ಅಧಿಕಾರಿಗಳು. ನಿಮ್ಮ ಮೇಜಿಗೂ ಇಂತಹ ಕಡತಗಳು ಬರುತ್ತವೆ: ಹಣ ಸಾಲದು, ಮುಂದಿನ ವರ್ಷ ನೋಡೋಣ ಎಂದು ಬರೆದಿಟ್ಟವು. ಅಂತಹದೊಂದು ಕಡತದಲ್ಲಿ ನೀರಿನ ವಿಷಯ ಕಂಡರೆ ಆಲ್ಟೋನಾದ ಆ ಬೀದಿಯನ್ನು ದಯವಿಟ್ಟು ನೆನೆಯಿರಿ. ಎಲ್ಲರಿಗೂ ಒಳ್ಳೆಯದಾಗಲಿ.