ಮಂಡಿಕಲ್ ದಾರಿಯಲ್ಲಿ ಬಾಖ್‌ನ ಸಮಕಾಲೀನರು

ಬೆಂಗಳೂರಿನಿಂದ ಹೈದರಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿದ ಮೇಲೆ ಪೇರೇಸಂದ್ರ ಸಿಗುತ್ತದೆ. ಅಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ಮಂಡಿಕಲ್. ಚಿಕ್ಕಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಈ ಊರು 2007ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. ಸುತ್ತ ಬಂಡೆಗುಡ್ಡಗಳು, ಮಳೆಯನ್ನೇ ನಂಬಿದ ಕೆರೆಗಳು, ರಾಗಿ, ನೆಲಗಡಲೆ, ನೀರಿದ್ದಲ್ಲಿ ಹಿಪ್ಪುನೇರಳೆ ಮತ್ತು ದ್ರಾಕ್ಷಿ. ಆಂಧ್ರದ ಗಡಿ ದೂರವಿಲ್ಲ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಪ್ರವಾಸಿಗಳ ಪಟ್ಟಿಯಲ್ಲಿ ಮಂಡಿಕಲ್ ಹೆಸರಿಲ್ಲ. ನಂದಿಬೆಟ್ಟ ನೋಡಿ ತಿರುಗಿ ಹೋಗುವವರೇ ಹೆಚ್ಚು. ಆದರೆ ಯುರೋಪಿನ ಬರೋಕ್ ಸಂಗೀತದ ಮಾತುಗಳನ್ನು ಪರೀಕ್ಷೆಗೋ ಕುತೂಹಲಕ್ಕೋ ತಿಳಿಯಬಯಸುವ ವಿದ್ಯಾರ್ಥಿ ಈ ಸೀಮೆಯಿಂದಲೇ ಪ್ರಯಾಣ ಆರಂಭಿಸಿದರೆ ನಷ್ಟವೇನೂ ಇಲ್ಲ. ಈ ಕಡೆಯ ಹಳ್ಳಿಗಳ ಭಜನೆಮನೆಗಳಲ್ಲಿ ತಾಳ, ಮದ್ದಲೆಗಳ ಪಕ್ಕದಲ್ಲಿ ಒಂದು ಹಾರ್ಮೋನಿಯಂ ಇರುವುದು ಸಾಮಾನ್ಯ. ಪಾಠ ಅಲ್ಲಿಂದಲೇ ಶುರುವಾಗಬಹುದು.

ಹಾರ್ಮೋನಿಯಂ ನಮ್ಮದಲ್ಲ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನ್ 1842ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋಗುವಾಗ ಕಂಪನಸಂಖ್ಯೆ ಎರಡರಷ್ಟಾಗುತ್ತದೆ. ಆ ದೂರವನ್ನು ಈ ಪೆಟ್ಟಿಗೆ 12 ಸಮಪಾಲು ಮಾಡಿಕೊಂಡಿದೆ. ಒಂದು ಮನೆಯಿಂದ ಪಕ್ಕದ ಮನೆಗೆ ಹೋದಾಗಲೆಲ್ಲ ಕಂಪನಸಂಖ್ಯೆಯನ್ನು ಸುಮಾರು 1.0595ರಿಂದ ಗುಣಿಸಿದಂತೆ. ಕಿವಿ ಬಯಸುವ ಲೆಕ್ಕ ಬೇರೆ. ಷಡ್ಜ 240 ಕಂಪನಗಳಿದ್ದರೆ ತಂಬೂರಿಯ ನಾದದಲ್ಲಿ ತಾನಾಗಿ ಹೊಮ್ಮುವ ಅಂತರ ಗಾಂಧಾರ ಸರಿಯಾಗಿ 300. ಹಾರ್ಮೋನಿಯಂ ಕೊಡುವುದು 302.4. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡಕ್ಕಿಂತ ಸ್ವಲ್ಪ ಹೆಚ್ಚು ಬಾರಿ ನಾದ ಉಬ್ಬಿ ಕುಗ್ಗುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ವಿಸ್ಪಂದ ಎಂದು ಓದುವುದು ಇದನ್ನೇ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದಕ್ಕೆ ಹೇಳುತ್ತಿದ್ದ ಕಾರಣಗಳಲ್ಲಿ ಈ ಅಪಸ್ವರವೂ ಒಂದು, ಗಮಕ ಬಾರದಿರುವುದು ಇನ್ನೊಂದು. ಹಳ್ಳಿಯ ಭಜನೆಮನೆಗಳು ಆ ನಿಷೇಧವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಅದೇ ಒಳ್ಳೆಯದಾಯಿತು.

ಶುದ್ಧ ಪಂಚಮಗಳನ್ನೇ ಹಿಡಿದು ಏರಿದರೆ ಏನಾಗುತ್ತದೆ? 1.5ನ್ನು ಹನ್ನೆರಡು ಸಲ ಗುಣಿಸಿದರೆ 129.75 ಬರುತ್ತದೆ. ಏಳು ಸ್ಥಾಯಿ ಏರಿದರೆ ಬರಬೇಕಾದದ್ದು 128. ಹತ್ತಿರ ಬಂದು ತಪ್ಪಿಹೋಗುವ ಈ ಲೆಕ್ಕ ಯುರೋಪಿನ ವಾದ್ಯಗಾರರನ್ನು ಶತಮಾನಗಳ ಕಾಲ ಕಾಡಿತು. ಒಂದು ಶ್ರುತಿಯಲ್ಲಿ ಇಂಪಾಗಿದ್ದ ಕೀಲಿವಾದ್ಯ ಇನ್ನೊಂದು ಶ್ರುತಿಗೆ ಹೋದರೆ ಕರ್ಕಶ. 1600ರಿಂದ 1750ರವರೆಗಿನ ಬರೋಕ್ ಯುಗದಲ್ಲಿ ಅವರು ಆ ತಪ್ಪನ್ನು ಎಲ್ಲ ಸ್ವರಗಳಿಗೂ ಸ್ವಲ್ಪ ಸ್ವಲ್ಪ ಹಂಚುವ ನಾನಾ ಉಪಾಯ ಹುಡುಕಿದರು. ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ 1722ರಲ್ಲಿ ಹನ್ನೆರಡು ಮನೆಗಳಲ್ಲಿ ಒಂದೊಂದನ್ನೂ ಆಧಾರವಾಗಿಟ್ಟುಕೊಂಡು, ಮೇಜರ್ ಮೈನರ್ ಎರಡರಲ್ಲೂ ಒಂದೊಂದರಂತೆ 24 ಜೋಡಿ ರಚನೆಗಳ ಪುಸ್ತಕ ಮಾಡಿದ. ಅವನು ಬಳಸಿದ್ದು ಇಂದಿನ ಸಮಪಾಲೇ ಆಗಿತ್ತು ಎನ್ನಲು ಬಾರದು, ಆದರೆ ಎಲ್ಲ ಮನೆಗಳೂ ವಾಸಯೋಗ್ಯವಾಗಿದ್ದವು. ಪುಸ್ತಕದ ಮುಖಪುಟದಲ್ಲಿ ಅದು ಕಲಿಯುವ ಎಳೆಯರಿಗಾಗಿ ಎಂದು ಕಾಣಿಸಿದ್ದಾನೆ. ಅಂದ ಹಾಗೆ ಬರೋಕ್ ಎಂಬ ಹೆಸರು ಅಂಕುಡೊಂಕಾದ ಮುತ್ತಿಗೆ ಪೋರ್ಚುಗೀಸರು ಹೇಳುವ ಮಾತಿನಿಂದ ಬಂದದ್ದೆಂದು ಹೇಳುತ್ತಾರೆ. ಮೊದಲಿಗೆ ಅದು ಬೈಗುಳವಾಗಿತ್ತು.

ಮಂಡಿಕಲ್‌ನಿಂದ ಚಿಕ್ಕಬಳ್ಳಾಪುರಕ್ಕೆ ಬಂದು, ರೇಷ್ಮೆಗೂಡಿನ ಮಾರುಕಟ್ಟೆಯ ಶಿಡ್ಲಘಟ್ಟದ ಮೂಲಕ ಚಿಂತಾಮಣಿ ತಾಲ್ಲೂಕಿಗೆ ಹೋದರೆ ಕೈವಾರ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂಬುದು ಊರಿನವರ ನಂಬಿಕೆ. ಆದರೆ ಇಂದು ಕೈವಾರ ಎಂದರೆ ನೆನಪಾಗುವುದು ಬಳೆ ಮಾರುತ್ತ ತಿರುಗಿ, ಆಮೇಲೆ ಗವಿ ಹೊಕ್ಕು ಯೋಗಿಯಾದ ನಾರೇಯಣ ತಾತಯ್ಯನವರು. ಅಮರನಾರೇಯಣನ ಅಂಕಿತದಲ್ಲಿ ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದವರು. ಸಂಪ್ರದಾಯ ಹೇಳುವಂತೆ ಅವರು ಹುಟ್ಟಿದ್ದು 1726ರಲ್ಲಿ, ಬಾಳಿದ್ದು 110 ವರ್ಷ. ಅದೇ 1726ರಲ್ಲಿ ಬಾಖ್ ಲೈಪ್‌ಜಿಗ್ ಊರಿನ ಸೇಂಟ್ ಥಾಮಸ್ ಚರ್ಚಿನಲ್ಲಿ ಸಂಗೀತದ ಮೇಷ್ಟ್ರು. ಹುಡುಗರಿಗೆ ಹಾಡು ಕಲಿಸುವುದು, ಭಾನುವಾರದ ಪ್ರಾರ್ಥನೆಗೆ ಸಂಗೀತ ಒದಗಿಸುವುದು ಅವನ ಕೆಲಸ. ಹಾಗೆ ಬರೆದ ಕಂಟಾಟಗಳಲ್ಲಿ 200ರಷ್ಟು ಉಳಿದಿವೆ. ಕಂಟಾಟ ಎಂದರೆ ಹಾಡಲು ಬರೆದದ್ದು ಎಂದಷ್ಟೇ ಅರ್ಥ, ಹಾಗೆಯೇ ಸೊನಾಟ ಎಂದರೆ ನುಡಿಸಲು ಬರೆದದ್ದು. ಹೆಸರು ಕೇಳಿ ಹೆದರುವವರಿಗೆ ಇಷ್ಟು ಹೇಳಿದರೆ ಸಾಕು.

ಕಂಟಾಟದ ಕೊನೆಗೆ ಸಾಮಾನ್ಯವಾಗಿ ಕೋರಾಲ್ ಬರುತ್ತದೆ. ಊರಿನ ಜನಕ್ಕೆಲ್ಲ ಬರುವ, ಸರಳ ಮಟ್ಟಿನ ಪ್ರಾರ್ಥನೆ ಅದು. ಕೈವಾರದ ಭಜನೆಗೆ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಟಾಟದ ನಡುವೆ ರೆಸಿಟಟಿವ್ ಮತ್ತು ಆರಿಯ ಎಂಬ ಜೋಡಿ ಇರುತ್ತದೆ. ಮೊದಲನೆಯದು ತಾಳದ ಬಿಗಿಯಿಲ್ಲದೆ ಮಾತಿಗೆ ಹತ್ತಿರವಾಗಿ ಹಾಡುವುದು, ಎರಡನೆಯದು ತಾಳಕ್ಕೆ ಸಿಕ್ಕ ಪೂರ್ಣ ಹಾಡು. ದಾಸರ ಉಗಾಭೋಗ ಹೇಳಿ ಅನಂತರ ಕೀರ್ತನೆ ಎತ್ತಿಕೊಳ್ಳುವ ಕ್ರಮ ಕೇಳಿದವರಿಗೆ ಈ ಜೋಡಿ ತಟ್ಟನೆ ಹಿಡಿಯುತ್ತದೆ. ಆರಿಯ ನಡುವೆ ಬೇರೆ ಮಾತಿಗೆ ಹೋಗಿ ಮತ್ತೆ ಮೊದಲಿಗೆ ಮರಳುವುದನ್ನು ದ ಕಾಪೊ ಎನ್ನುತ್ತಾರೆ. ನಮ್ಮ ಪಲ್ಲವಿಯೂ ಮರಳುತ್ತದೆ, ಆದರೆ ಅದು ಪ್ರತಿ ಚರಣಕ್ಕೂ ಮರಳುವುದರಿಂದ ರಿಟೊರ್ನೆಲ್ಲೊ ಎಂಬ ಇನ್ನೊಂದು ಪದ್ಧತಿಗೆ ಹೆಚ್ಚು ಸಮೀಪ. ವಿವಾಲ್ಡಿಯ ಕನ್ಚೆರ್ಟೊಗಳಲ್ಲಿ, 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ನಾಲ್ಕು ಋತುಗಳ ರಚನೆಯಲ್ಲಿ ಕೂಡ, ಇಡೀ ಮೇಳ ನುಡಿಸಿದ ಮೊದಲ ತುಣುಕು ಒಂಟಿ ಪಿಟೀಲಿನ ಬಿಡುವಿನಲ್ಲೆಲ್ಲ ತಲೆಯೆತ್ತುವುದು ಹೀಗೆಯೇ.

ಆಪೆರಾ ಎಂದರೆ ವೇಷ ಕಟ್ಟಿ ಆಡುವ ಹಾಡಿನ ನಾಟಕ. ಮಾಂಟೆವರ್ಡಿ 1607ರಲ್ಲಿ ಮಂಟುವಾ ಅರಮನೆಯಲ್ಲಿ ಆಡಿಸಿದ ಆರ್ಫಿಯಸ್ ಕಥೆ ಆರಂಭದ ದೊಡ್ಡ ಉದಾಹರಣೆ. ಓರಟೋರಿಯೊದಲ್ಲಿ ಅದೇ ರೀತಿಯ ಕಥೆ ಇರುತ್ತದೆ, ವೇಷವೂ ಇಲ್ಲ, ರಂಗಸಜ್ಜೂ ಇಲ್ಲ, ನಿಂತಲ್ಲೇ ನಿಂತು ಹಾಡುತ್ತಾರೆ. ಹ್ಯಾಂಡೆಲ್‌ನ ಮೆಸ್ಸಾಯ 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಕೇಳಿಬಂತು. ಬಯಲಾಟಕ್ಕೂ ಹರಿಕಥೆಗೂ ಇರುವ ವ್ಯತ್ಯಾಸ ಬಲ್ಲ ಮಂಡಿಕಲ್ ಕಡೆಯ ಮಗುವಿಗೆ ಆಪೆರಾ, ಓರಟೋರಿಯೊಗಳ ವ್ಯತ್ಯಾಸ ಒಂದು ನಿಮಿಷದ ಮಾತು.

ಇನ್ನೂ ಸೊಗಸಾದ ಹೋಲಿಕೆಗೆ ಈ ಜಿಲ್ಲೆಯಿಂದ ಬಹು ದೂರ, ರಾಯಚೂರಿನ ಮಾನ್ವಿ ಸೀಮೆಗೆ ಮನಸ್ಸನ್ನು ಕಳಿಸಬೇಕು. ತುಂಗಭದ್ರೆಯ ಕಡೆಯ ಚೀಕಲಪರವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು 1755ರವರೆಗೆ ಬದುಕಿದ್ದರು. ಬಾಖ್ ಹುಟ್ಟಿದ್ದು 1685, ತೀರಿಕೊಂಡದ್ದು 1750. ಇಬ್ಬರ ಆಯುಷ್ಯವೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತದೆ. ಬಾಖ್ ಸೆಲ್ಲೊ ಎಂಬ ದೊಡ್ಡ ಪಿಟೀಲಿಗೆ ಆರು ಸ್ವೀಟ್‌ಗಳನ್ನು ಬರೆದ. ಸ್ವೀಟ್ ಎಂದರೆ ಕುಣಿತಗಳ ಸರ. ನಿಧಾನ ನಡೆಯ ಅಲಮಾಂಡ್, ಮೂರರ ಲೆಕ್ಕದಲ್ಲಿ ಓಡುವ ಕೊರಾಂಟ್, ಮೂರರಲ್ಲೇ ಭಾರವಾಗಿ ಹೆಜ್ಜೆಯಿಡುವ ಸರಬಾಂಡ್, ಕೊನೆಗೆ ನೆಗೆಯುವ ಜೀಗ್. ಒಂದು ಸ್ವೀಟಿನ ಆಧಾರ ಶ್ರುತಿ ಒಂದೇ, ನಡೆ ಮಾತ್ರ ಬದಲಾಗುತ್ತದೆ. ವಿಜಯದಾಸರ ಸುಳಾದಿಯೂ ಹಾಗೆಯೇ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ಒಂದೊಂದು ನುಡಿಗೆ ಒಂದೊಂದು ತಾಳ, ಕಟ್ಟಕಡೆಗೆ ಜತೆ ಎಂಬ ಎರಡು ಸಾಲು. ಹದಿನಾಲ್ಕು ಅಕ್ಷರಗಳ ಧ್ರುವದ ಗಾಂಭೀರ್ಯದಿಂದ ನಾಲ್ಕರ ಏಕಕ್ಕೆ ಬರುವಾಗ ಕೈ ತಾನಾಗಿ ಚುರುಕಾಗುತ್ತದೆ. ಯುರೋಪಿನವರು ಅರಮನೆಯ ಕುಣಿತವನ್ನು ಕೂತು ಕೇಳುವ ಸಂಗೀತವಾಗಿಸಿದರು, ದಾಸರು ತಾಳಗಳ ಸರದಲ್ಲಿ ವೇದಾಂತ ಹೇಳಿದರು. ಯಾರೂ ಯಾರಿಂದಲೂ ಪಡೆದದ್ದಲ್ಲ.

ಹದಿನೇಳನೆಯ ಶತಮಾನದ ಶಾಸ್ತ್ರದ ಕೆಲಸ ತಂಜಾವೂರಿನಲ್ಲಿ ನಡೆದಿತ್ತು. ಅಲ್ಲಿನ ನಾಯಕ ಅರಸರ ಮಂತ್ರಿ ಗೋವಿಂದ ದೀಕ್ಷಿತರು ಕನ್ನಡಿಗರು. ಅವರ ಮಗ ವೆಂಕಟಮಖಿ ಬರೆದ ಚತುರ್ದಂಡಿ ಪ್ರಕಾಶಿಕೆ ಆ ಕಾಲದ ಸಂಗೀತಕ್ಕೆ ನಾಲ್ಕು ಕಂಬಗಳನ್ನು ಹೇಳುತ್ತದೆ: ರಾಗವನ್ನು ಬಿಡಿಸುವ ಆಲಾಪ, ಒಂದು ಸ್ವರವನ್ನು ನೆಲೆಮಾಡಿಕೊಂಡು ಸಂಚಾರ ಬೆಳೆಸುವ ಠಾಯ, ಸರಳವಾದ ಗೀತ, ಹಲವು ಅಂಗಗಳ ಪ್ರಬಂಧ. ಈ ಪಂಡಿತ ಗಣಿತದಲ್ಲೂ ಗಟ್ಟಿಗ. ರಿಷಭ ಗಾಂಧಾರಗಳ ಜೋಡಿ 6, ದೈವತ ನಿಷಾದಗಳ ಜೋಡಿ 6, ಮಧ್ಯಮ 2. ಗುಣಿಸಿದರೆ 72 ಮೇಳಗಳು. ತನ್ನ ಕಾಲಕ್ಕೆ ಬಳಕೆಯಲ್ಲಿದ್ದದ್ದು 19 ಮಾತ್ರ ಎಂದು ಅವರೇ ಹೇಳಿದ್ದಾರೆ. ಉಳಿದ ಮನೆಗಳನ್ನು ಬಾಡಿಗೆದಾರರು ಬರುವ ಮೊದಲೇ ಕಟ್ಟಿಟ್ಟಂತಾಯಿತು. ಮೆಂಡಲೀಫನ ಕೋಷ್ಟಕದ ಖಾಲಿ ಜಾಗಗಳ ಕಥೆ ಓದಿದ ವಿದ್ಯಾರ್ಥಿಗೆ ಇದು ಹಿಡಿಸದೇ ಇರದು.

ಎಲ್ಲಕ್ಕೂ ನಮ್ಮಲ್ಲಿ ಜೋಡಿ ಹುಡುಕುವುದು ಮಾತ್ರ ತಪ್ಪು. ಫ್ಯೂಗ್ ಮತ್ತು ಬಾಸೊ ಕಂಟಿನ್ಯೂವೊ ಎಂಬ ಎರಡು ಬರೋಕ್ ಮಾತುಗಳಿಗೆ ಭಜನೆಮನೆಯಲ್ಲಿ ಉತ್ತರವಿಲ್ಲ. ಕೈವಾರದಿಂದ ಹೊಸಕೋಟೆಯ ಮೇಲೆ ಬೆಂಗಳೂರಿಗೆ ಬಂದರೆ ಕಬ್ಬನ್ ರಸ್ತೆಯಲ್ಲಿ ಸೇಂಟ್ ಆಂಡ್ರ್ಯೂಸ್ ಚರ್ಚ್ ಇದೆ. ದಂಡುಪ್ರದೇಶದ ಸ್ಕಾಟ್ಲೆಂಡ್ ಮೂಲದವರಿಗಾಗಿ ಕಟ್ಟಿದ, 1866ರಲ್ಲಿ ತೆರೆದ ಕಟ್ಟಡ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಪೀಟರ್ ಕೊನಾಕರ್ ಕಂಪನಿ 1881ರಲ್ಲಿ ಮಾಡಿದ ಪೈಪ್ ಆರ್ಗನ್ ಇಲ್ಲಿಗೆ ಬಂತು. ಇದನ್ನು ನಮ್ಮ ಹಾರ್ಮೋನಿಯಂನ ದೊಡ್ಡಪ್ಪ ಎನ್ನಬಹುದು. ಹಾರ್ಮೋನಿಯಂನಲ್ಲಿ ಹಿತ್ತಾಳೆಯ ನಾಲಿಗೆ ಕಂಪಿಸಿದರೆ ಆರ್ಗನ್ನಿನ ಬಹುಪಾಲು ಕೊಳವೆಗಳಲ್ಲಿ ಕೊಳಲಿನಂತೆ ಗಾಳಿಯ ಕಂಬವೇ ಕಂಪಿಸುತ್ತದೆ. ಕೊಳವೆ ಎರಡರಷ್ಟು ಉದ್ದವಾದರೆ ನಾದ ಒಂದು ಸ್ಥಾಯಿ ಕೆಳಗೆ. ಎರಡು ಕೈ ಸಾಲದೆ ಕಾಲಿಗೂ ಕೀಲಿಗಳಿರುವುದು ಆರ್ಗನ್ನಿನ ವೈಶಿಷ್ಟ್ಯ.

ಕಾಲಿಗೂ ಕೆಲಸ ಏಕೆ ಬೇಕಾಯಿತು ಎಂಬುದರಲ್ಲಿ ಫ್ಯೂಗ್ ಅಡಗಿದೆ. ಒಂದು ಧ್ವನಿ ಒಂದು ಮಟ್ಟನ್ನು ಹೇಳುತ್ತದೆ. ಅದು ಮುಗಿಸಿ ಸುಮ್ಮನಾಗುವುದಿಲ್ಲ, ಬೇರೆ ಮಾತು ಮುಂದುವರಿಸುತ್ತಿರುವಾಗಲೇ ಎರಡನೆಯ ಧ್ವನಿ ಅದೇ ಮಟ್ಟನ್ನು ಪಂಚಮದಲ್ಲಿ ಎತ್ತಿಕೊಳ್ಳುತ್ತದೆ, ಆಮೇಲೆ ಮೂರನೆಯದು, ನಾಲ್ಕನೆಯದು. ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಮಿಕ್ಕವರು ತಿರುಗಿ ಹೇಳುತ್ತಾರೆ, ಆದರೆ ಸರದಿಯಂತೆ. ಫ್ಯೂಗಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೂ ಜಗಳವಾಗದು. ಕಂಟಿನ್ಯೂವೊ ಎಂದರೆ ಕೆಳಗೆ ಎಡೆಬಿಡದೆ ನಡೆಯುವ ಮಂದ್ರದ ಸಾಲು. ನಮ್ಮ ತಂಬೂರಿ ನಿಂತಲ್ಲೇ ನಿಂತಿರುತ್ತದೆ, ಇದು ನಡೆಯುತ್ತದೆ. ಆ ಸಾಲಿನ ಜೊತೆ ಬರೋಕ್ ಕಾಲದವರು ಬರೆಯುತ್ತಿದ್ದದ್ದು ಕೆಲವು ಅಂಕಿಗಳನ್ನು ಮಾತ್ರ. ಅಂಕಿ ನೋಡಿ ಮೇಲಿನ ಸ್ವರಗಳನ್ನು ಆ ಕ್ಷಣದಲ್ಲೇ ತುಂಬಿಸುವುದು ವಾದಕನ ಜಾಣ್ಮೆ. ಪಾಶ್ಚಾತ್ಯರದು ಬರೆದದ್ದನ್ನು ಓದುವ ಸಂಗೀತ, ನಮ್ಮದು ಮನೋಧರ್ಮ ಎಂಬ ವೇದಿಕೆಯ ಮಾತು ಬರೋಕ್ ಕಾಲಕ್ಕೆ ಅನ್ವಯಿಸುವುದಿಲ್ಲ.

ಆದರೂ ಕಾಗದ ಅವರನ್ನು ಕಾಪಾಡಿತು. ಬಾಖ್ 1727ರಲ್ಲಿ ಹಾಡಿಸಿದ ಸಂತ ಮ್ಯಾಥ್ಯೂವಿನ ಪ್ಯಾಶನ್ ಅವನ ಕಾಲಾನಂತರ ಮೂಲೆ ಸೇರಿತ್ತು. 1829ರಲ್ಲಿ ಬರ್ಲಿನ್‌ನಲ್ಲಿ ಇಪ್ಪತ್ತರ ಯುವಕ ಮೆಂಡೆಲ್ಸನ್ ಅದನ್ನು ಮತ್ತೆ ಹಾಡಿಸಿದಾಗ ಮೂಲ ಮೇಳದಲ್ಲಿದ್ದವರು ಯಾರೂ ಬದುಕಿರಲಿಲ್ಲ, ಸ್ವರಗಳು ಬದುಕಿದ್ದವು. ವಿಜಯದಾಸರ ಸುಳಾದಿಗಳ ಗತಿ ಬೇರೆ. ಹಸ್ತಪ್ರತಿಗಳು ಸಾಹಿತ್ಯವನ್ನು ಉಳಿಸಿವೆ, ನುಡಿ ನುಡಿಗೂ ತಾಳದ ಹೆಸರು ಬರೆದಿವೆ, ರಾಗವನ್ನೂ ಹೇಳುತ್ತವೆ. ಅವರು ಹಾಡಿದ ಧಾಟಿ ಅಲ್ಲಿಲ್ಲ. ಇಂದು ವೇದಿಕೆಯಲ್ಲಿ ಕೇಳುವ ಸುಳಾದಿಗಳಿಗೆ ಹೆಚ್ಚಾಗಿ ನಂತರದವರು ಸ್ವರ ಹಾಕಿದ್ದಾರೆ. ಒಂದು ಸ್ವೀಟಿನ ಕುಣಿತಗಳ ಹೆಸರುಗಳಷ್ಟೇ ಉಳಿದು ಸ್ವರಗಳೆಲ್ಲ ಅಳಿಸಿಹೋಗಿದ್ದರೆ ಹೇಗೋ ಹಾಗೆ.

ತಾತಯ್ಯನವರ ಪದಗಳು ಇವೆರಡರ ನಡುವೆ ನಿಂತಿವೆ. ಸಾಹಿತ್ಯ ಅಚ್ಚಾಗಿದೆ, ಮಟ್ಟು ಬಾಯಿಂದ ಬಾಯಿಗೆ ಬರುತ್ತಿದೆ. ಸಂಗೀತ ಕಛೇರಿಯವರು ತಮಗೆ ಒಗ್ಗಿದ ರಾಗದಲ್ಲಿ ಹಾಡುತ್ತಾರೆ, ಹಳ್ಳಿಯ ಭಜನೆಯವರು ಹಿರಿಯರಿಂದ ಕೇಳಿದಂತೆ ಹಾಡುತ್ತಾರೆ. ಆ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುವಂಥದು, ಏರುವಂಥದಲ್ಲ. ಮಕ್ಕಳನ್ನು ಕೀಬೋರ್ಡ್ ತರಗತಿಗೆ ಕಳಿಸುವ ತಂದೆತಾಯಂದಿರು ಅಲ್ಲಿ ಕಲಿಸುವ ಸ್ವರಲಿಪಿಯಿಂದ ಇದಕ್ಕೂ ಪ್ರಯೋಜನವಿದೆ ಎಂಬುದನ್ನು ನೋಡಬಹುದು.

ಆಷಾಢದ ಗುರುಪೂರ್ಣಿಮೆಯ ಆಸುಪಾಸಿನಲ್ಲಿ ಕೈವಾರದಲ್ಲಿ ಹಗಲು ರಾತ್ರಿ ಸಂಗೀತ ಸೇವೆ ನಡೆಯುತ್ತದೆ. ಹೆಸರಾಂತ ವಿದ್ವಾಂಸರ ಜೊತೆಗೆ ಹಳ್ಳಿಹಳ್ಳಿಯ ಭಜನೆ ತಂಡಗಳೂ ಬರುತ್ತವೆ. ಹೋಗುವವರು ಒಂದು ನೋಟ್‌ಬುಕ್ಕು, ಪೆನ್ಸಿಲ್ಲು, ಸಾಧ್ಯವಾದರೆ ಧ್ವನಿಮುದ್ರಣದ ಸೌಕರ್ಯ ಇಟ್ಟುಕೊಂಡಿರುವುದು ಒಳ್ಳೆಯದು. ರಾತ್ರಿ ಹೊತ್ತು ಚಳಿಗಾಳಿ ಇರುವುದರಿಂದ ಮಕ್ಕಳಿಗೆ ಒಂದು ಶಾಲೂ ಬೇಕಾಗುತ್ತದೆ.