ಹದಿನಾರು ಮನೆ, ಒಂದು ಬಿಂದು

ಮೇಜಿನ ಮೇಲೆ ಎರಡು ಯಂತ್ರಗಳಿವೆ. ಎಡಗಡೆ ಆಪಲ್ ಕಂಪನಿಯ ಲೀಸಾ, ಬಲಗಡೆ ಅದರ ತಂಗಿ ಮ್ಯಾಕಿಂಟಾಷ್. ಇದು 1984ರ ಕೊನೆಯ ಭಾಗ, ಕ್ಯಾಲಿಫೋರ್ನಿಯಾ. ಮ್ಯಾಕ್ ಮಾರುಕಟ್ಟೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. 128 ಕಿಲೋಬೈಟ್ ನೆನಪಿನ ಅದರೊಳಗೇ ಕೂತು ದೊಡ್ಡ ಪ್ರೋಗ್ರಾಮ್ ಬರೆಯುವುದು ಕಷ್ಟ. ಹಾಗಾಗಿ ನೀವು ಲೀಸಾದಲ್ಲಿ ಪ್ಯಾಸ್ಕಲ್ ಬರೆಯುತ್ತೀರಿ, ಕಂಪೈಲ್ ಮಾಡುತ್ತೀರಿ, ಫ್ಲಾಪಿಗೆ ಹಾಕಿ ಪಕ್ಕದ ಯಂತ್ರಕ್ಕೆ ತಿನ್ನಿಸುತ್ತೀರಿ. ತಪ್ಪು ಕಂಡರೆ ಮತ್ತೆ ಎಡಕ್ಕೆ ತಿರುಗಬೇಕು. ಕುರ್ಚಿಗೆ ಚಕ್ರವಿದ್ದರೆ ಪುಣ್ಯ.

ನಿಮ್ಮ ಪ್ರೋಗ್ರಾಮ್ ಒಂದು ನಕ್ಷೆ ತೋರಿಸುತ್ತದೆ. ನಕ್ಷೆಯ ಮೇಲೆ ಮೌಸ್ ಬಂದಾಗ ಬಾಣ ಹೋಗಿ ಭೂತಗನ್ನಡಿ ಕಾಣಬೇಕು, ಕ್ಲಿಕ್ ಮಾಡಿದ ಜಾಗ ದೊಡ್ಡದಾಗಬೇಕು. ಭೂತಗನ್ನಡಿ ಯಂತ್ರದಲ್ಲಿ ಸಿದ್ಧವಾಗಿಲ್ಲ. ಬಾಣದ ಜೊತೆಗೆ ಪಠ್ಯಕ್ಕೊಂದು ಸೀಳುಗೆರೆ, ಒಂದು ತೆಳ್ಳನೆಯ ಅಡ್ಡ-ಉದ್ದ ಗೆರೆ, ಒಂದು ದಪ್ಪ ಕೂಡುಚಿಹ್ನೆ, ಕಾಯಿಸುವುದಕ್ಕೊಂದು ಕೈಗಡಿಯಾರ ಇವೆ, ಅಷ್ಟೆ. ಮಿಕ್ಕಿದ್ದೆಲ್ಲ ನಿಮ್ಮ ತಲೆನೋವು.

ಮುಂದೆ ಬಿಡಿ ಹಾಳೆಗಳ ಕಟ್ಟು ತೆರೆದಿದೆ, ಪ್ರೋಗ್ರಾಮರುಗಳಿಗೆಂದು ಆಪಲ್ ಕೊಟ್ಟ ಕೈಪಿಡಿ. ಕರ್ಸರ್ ಅಂದರೆ 68 ಬೈಟ್ ಎನ್ನುತ್ತದೆ ಪುಟ. ಮೊದಲ 32 ಬೈಟ್ ಚಿತ್ರ, ಆಮೇಲಿನ 32 ಬೈಟ್ ಮಾಸ್ಕ್, ಕೊನೆಯ ನಾಲ್ಕು ಬೈಟ್ ಹಾಟ್‌ಸ್ಪಾಟ್. ಇಷ್ಟರಲ್ಲೇ ಸಂಸಾರ. ಮ್ಯಾಕ್ ಪರದೆಯಲ್ಲಿ ಒಂದು ಇಂಚಿಗೆ 72 ಚುಕ್ಕಿ, ಕರ್ಸರ್‌ಗೆ ಸಿಗುವುದು ಉದ್ದಕ್ಕೂ ಅಗಲಕ್ಕೂ ಹದಿನಾರು. ಆರು ಮಿಲಿಮೀಟರ್ ಕೂಡ ಇಲ್ಲದ ಚೌಕ.

ಪೆನ್ಸಿಲ್ ತೆಗೆದುಕೊಳ್ಳಿ, ಗ್ರಾಫ್ ಹಾಳೆ ಎಳೆದುಕೊಳ್ಳಿ. ಲೀಸಾದ ಪರದೆಯ ಮೇಲೇ ಚಿತ್ರ ಬಿಡಿಸುವ ಆಸೆಯಾದರೆ ತಡೆದುಕೊಳ್ಳಿ. ಅದರ ಪಿಕ್ಸೆಲ್ ಅಗಲಕ್ಕಿಂತ ಎತ್ತರ ಜಾಸ್ತಿ, ಅಲ್ಲಿ ಬಿಡಿಸಿದ ವೃತ್ತ ಮೊಟ್ಟೆಯಾಗಿ ನಿಲ್ಲುತ್ತದೆ. ಮ್ಯಾಕ್‌ನ ಪಿಕ್ಸೆಲ್ ಸರಿಯಾದ ಚೌಕ, ಗ್ರಾಫ್ ಹಾಳೆಯದೂ ಹಾಗೇ. ಚಿತ್ರಗಾರ್ತಿ ಸೂಸನ್ ಕೇರ್ 1983ರಲ್ಲಿ ಮ್ಯಾಕ್ ತಂಡ ಸೇರಿದಾಗ ಕೆಲಸ ಶುರುವಾಗಿದ್ದೂ ಚೌಕಳಿ ಹಾಳೆಯ ಪುಸ್ತಕದಲ್ಲೇ. ಶಾಲಾದಿನಗಳ ಗೆಳೆಯ, ತಂಡದ ಪ್ರೋಗ್ರಾಮರ್ ಆ್ಯಂಡಿ ಹರ್ಟ್ಸ್‌ಫೆಲ್ಡ್ ಕೊಟ್ಟ ಸಲಹೆ ಅದು. ಆಕೆ ಓದಿದ್ದು ಕಲೆ, ಕಂಪ್ಯೂಟರಲ್ಲ. ಯಂತ್ರ ಕಾಯಿಸುವಾಗ ಬರುವ ಕೈಗಡಿಯಾರ ಆಕೆಯ ಕೈಚಳಕ. ಪಟ್ಟಿ, ಡಯಲ್, ಎರಡು ಮುಳ್ಳು, ಎಲ್ಲವೂ ಇದೇ ಹದಿನಾರು ಮನೆಯೊಳಗೆ. ಒಂದು ಮನೆ ಅತ್ತಿತ್ತ ಆದರೂ ಅದು ಬಕೆಟ್ಟಾಗುತ್ತಿತ್ತು.

ನಿಮ್ಮ ಭೂತಗನ್ನಡಿಗೆ ಬನ್ನಿ. ಮೇಲಿನ ಸಾಲು ಖಾಲಿ ಬಿಡಿ, ಎಡಗಡೆಯ ಕಂಬಸಾಲೂ ಖಾಲಿ ಇರಲಿ. ಯಾಕೆಂದು ಆಮೇಲೆ ಗೊತ್ತಾಗುತ್ತದೆ. ಎರಡನೇ ಸಾಲಿನಲ್ಲಿ ನಾಲ್ಕರಿಂದ ಏಳನೇ ಮನೆವರೆಗೆ ಕಪ್ಪು ತುಂಬಿ. ಮೂರನೇ ಸಾಲಿನಲ್ಲಿ ಮೂರನೆಯದು, ಎಂಟನೆಯದು. ಅದರ ಕೆಳಗೆ ನಾಲ್ಕು ಸಾಲು ಒಂದೇ ಥರ, ಎರಡನೇ ಮನೆ ಮತ್ತು ಒಂಬತ್ತನೇ ಮನೆ. ಬಂದ ದಾರಿಯಲ್ಲೇ ಕಿರಿದಾಗುತ್ತ ಇಳಿದರೆ ಉಂಗುರ ಮುಚ್ಚುತ್ತದೆ. ಅಲ್ಲಿಂದ ಬಲಕ್ಕೆ ಓರೆಯಾಗಿ ಹಿಡಿ. ಹಾಳೆಯನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿ. ದುಂಡಗೆ ಕಾಣುತ್ತದೆ. ಹತ್ತಿರ ತಂದರೆ ಬರೀ ಮೆಟ್ಟಿಲು.

ಈಗ ಚಿತ್ರ ಅಂಕಿಯಾಗಬೇಕು. ಮನೆಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ, ಎಡದಿಂದ 8, 4, 2, 1 ಎಂದು ಬೆಲೆ ಕಟ್ಟಿ, ಕಪ್ಪು ಮನೆಗಳನ್ನು ಕೂಡಿಸುತ್ತ ಹೋಗಿ. ಮೂರನೇ ಸಾಲು 2100 ಆಗುತ್ತದೆ. ಕೆಳಗಿನ ನಾಲ್ಕೂ ಸಾಲು 4080. ಸ್ವಲ್ಪ ಹೊತ್ತಿಗೆ ಕೈ ಪಳಗುತ್ತದೆ. 4080 ಎಂದು ಕಂಡರೆ ಅಂಕಿ ಮರೆತು ದೂರ ದೂರ ನಿಂತ ಎರಡು ಚುಕ್ಕಿ ಕಾಣತೊಡಗುತ್ತವೆ. ಲೀಸಾದ ಕೀಲಿಮಣೆಗೆ ಬೆರಳಿಡಿ. ಸ್ಟಫ್‌ಹೆಕ್ಸ್ ಎಂಬ ಪ್ರೊಸೀಜರ್ ಇದೆ, ಹೆಸರೇ ಹೇಳುವಂತೆ ಅಂಕಿಗಳ ಸರಮಾಲೆಯನ್ನು ನೆನಪಿನೊಳಗೆ ತುರುಕುತ್ತದೆ. 64 ಅಂಕಿ ಟೈಪಿಸಿ. ಮಾಸ್ಕ್ ಜಾಗಕ್ಕೆ ಸದ್ಯ ಬರೀ ಸೊನ್ನೆ.

ಫ್ಲಾಪಿ ಗುಂಯ್‌ಗುಡುತ್ತ ಬರೆಯಿಸಿಕೊಳ್ಳುತ್ತದೆ. ಹೊರತೆಗೆದು ಬಲಕ್ಕೆ ತಿರುಗಿ. ಮ್ಯಾಕ್‌ಗೆ ಫ್ಯಾನಿಲ್ಲ, ಡ್ರೈವ್ ಸುಮ್ಮನಾದರೆ ಯಂತ್ರವೂ ಸುಮ್ಮನೆ. ಐಕಾನ್ ಮೇಲೆ ಜೋಡಿ ಕ್ಲಿಕ್. ಕೈಗಡಿಯಾರ ಬರುತ್ತದೆ. ಅದನ್ನು ಇಟ್ಟವನು ಐಕಾನುಗಳನ್ನು ತೋರಿಸುವ ಫೈಂಡರ್. ನಿಮ್ಮ ಪ್ರೋಗ್ರಾಮ್ ಎದ್ದು ಇನಿಟ್‌ಕರ್ಸರ್ ಎಂದು ಕರೆದ ಗಳಿಗೆಗೆ ಬಾಣವಾಗುತ್ತದೆ. ಕಿಟಕಿ ತೆರೆಯಿತು. ಮೌಸನ್ನು ನಕ್ಷೆಯ ಮೇಲೆ ತನ್ನಿ.

ಭೂತಗನ್ನಡಿ! ಬಿಳಿ ಜಾಗದಲ್ಲಿ ಕಪ್ಪಗೆ, ಚೂಪಾಗಿ ಇದೆ. ನಕ್ಷೆಯ ಕಪ್ಪು ಕೆರೆಯ ಮೇಲೆ ಒಯ್ದರೆ ಬೆಳ್ಳಗಾಗುತ್ತದೆ. ಚೆನ್ನಾಗಿದೆ ಅಂದುಕೊಳ್ಳುವಷ್ಟರಲ್ಲಿ ಬೂದು ಕಾಡಿನ ಮೇಲೆ ಬಂದಿರಿ, ಭೂತಗನ್ನಡಿ ಮಾಯ. ಈ ಪರದೆಗೆ ಬೂದು ಎಂಬ ಬಣ್ಣವೇ ಇಲ್ಲ. ಒಂದು ಚುಕ್ಕಿ ಕಪ್ಪು, ಒಂದು ಬಿಳಿ, ಹೀಗೆ ಹೆಣೆದ ಚಾಪೆ ಅದು. ಅದರ ಮೇಲೆ ಒಂದೆಳೆಯ ಉಂಗುರ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿದರೆ ಕಣ್ಣಿಗೆ ಏನು ಗೊತ್ತಾದೀತು? ಮೌಸ್ ಅಲುಗಾಡಿಸಿದರೆ ಮಾತ್ರ ಏನೋ ಸುಳಿದಂತಾಗುತ್ತದೆ.

ಮಾಸ್ಕಿನ ಬೆಲೆ ಇಲ್ಲಿ ತಿಳಿಯುತ್ತದೆ. ಒಂದೊಂದು ಮನೆಗೂ ಎರಡು ಬಿಟ್, ಚಿತ್ರದ್ದೊಂದು, ಮಾಸ್ಕಿನದೊಂದು. ಎರಡೂ 1 ಆದರೆ ಗಟ್ಟಿ ಕಪ್ಪು. ಚಿತ್ರ 0, ಮಾಸ್ಕ್ 1 ಆದರೆ ಗಟ್ಟಿ ಬಿಳಿ. ಎರಡೂ 0 ಆದರೆ ಗಾಜು, ಹಿಂದಿರುವುದು ಹಾಗೇ ಕಾಣುತ್ತದೆ. ಚಿತ್ರ 1 ಇದ್ದು ಮಾಸ್ಕ್ 0 ಆದರೆ ಹಿಂದಿರುವುದು ತಿರುವುಮುರುವು. ಈಗ ನಿಮ್ಮ ಭೂತಗನ್ನಡಿಗೆ ಆದದ್ದು ಅದೇ. ಬಣ್ಣ ಎರಡೇ ಇರುವ ಪರದೆಯಲ್ಲಿ, ಮ್ಯಾಕಿಗೆ ಚಿತ್ರ ಬಿಡಿಸಿಕೊಡುವ ಕೋಡಾದ ಕ್ವಿಕ್‌ಡ್ರಾ ಬರೆದ ಬಿಲ್ ಅಟ್ಕಿನ್ಸನ್ ನಾಲ್ಕು ಶಾಯಿ ಕೊಟ್ಟಿದ್ದಾರೆ.

ಕುರ್ಚಿ ಎಡಕ್ಕೆ. ಗ್ರಾಫ್ ಹಾಳೆಯಲ್ಲಿ ಉಂಗುರದ ಹೊರಸುತ್ತಿಗೆ ಒಂದೆಳೆ ಬಿಳಿ ಅಂಚು ಬಳಿಯಿರಿ. ಮೇಲೂ ಎಡಕ್ಕೂ ಖಾಲಿ ಬಿಟ್ಟ ಸಾಲು ಅದಕ್ಕೆಂದೇ. ಒಳಗೆ ಏನಿರಲಿ? ಎರಡೂ 0 ಇಟ್ಟರೆ ಸ್ವಚ್ಛ ಗಾಜು. ಚಿತ್ರಕ್ಕೆ 1 ತುಂಬಿದರೆ ಗಾಜಿನೊಳಗೆ ಸಿಕ್ಕ ಅಕ್ಷರವೆಲ್ಲ ಎಕ್ಸ್‌ರೇ ಥರ ಬೆಳಗುತ್ತದೆ. ಎರಡನೆಯದನ್ನು ಓಡಿಸಿ ನೋಡದೆ ಇರಲಾರಿರಿ. ನೋಡಿ, ಮಕ್ಕಳಾಟದ ಖುಷಿ ಅದು. ಆದರೆ ಊರಿನ ಹೆಸರು ಓದಲು ಹೋದಾಗೆಲ್ಲ ಆ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಗಾಜೇ ಇರಲಿ.

ಮತ್ತೆ ಫ್ಲಾಪಿ, ಮತ್ತೆ ಗಡಿಯಾರ. ಈಗ ಬೂದು ಕಾಡಿನ ಮೇಲೂ ಭೂತಗನ್ನಡಿ ಎದ್ದು ಕಾಣುತ್ತದೆ. ಒಂದು ಹಳ್ಳಿಯ ಮೇಲಿಟ್ಟು ಗುಂಡಿ ಒತ್ತಿ. ದೊಡ್ಡದಾದದ್ದು ಪಕ್ಕದ ಗುಡ್ಡ.

ಕೊನೆಯ ನಾಲ್ಕು ಬೈಟ್ ಇನ್ನೂ ಸೊನ್ನೆ ಇವೆಯಲ್ಲ. ಯಂತ್ರದ ಪ್ರಕಾರ ನೀವು ತೋರಿಸಿದ್ದು ಚೌಕದ ಎಡಮೇಲ್ಮೂಲೆ, ಅಲ್ಲಿ ಚಿತ್ರವೇ ಇಲ್ಲ. ಕರ್ಸರ್ ಎಂದು ನಾವು ಕರೆಯುವುದು ತೊಡಿಸಿದ ಅಂಗಿ ಮಾತ್ರ. ಒಳಗಿರುವುದು ಗಾತ್ರವಿಲ್ಲದ ಒಂದು ಬಿಂದು, ಕ್ಲಿಕ್ ಮಾಡುವುದು ಅದು. ಕೈಪಿಡಿ ಇಲ್ಲಿ ಎಚ್ಚರಿಸುತ್ತದೆ: ಹಾಟ್‌ಸ್ಪಾಟ್ ಬಿಟ್ ಅಲ್ಲ, ಬಿಂದು. ಕ್ವಿಕ್‌ಡ್ರಾದ ಲೆಕ್ಕದಲ್ಲಿ ಅಂಕಿ ಇರುವುದು ಗೆರೆಗಳಿಗೆ, ಪಿಕ್ಸೆಲ್ ಗೆರೆಗಳ ನಡುವೆ ಇರುತ್ತದೆ. ಚೌಕಾಬಾರದ ಕಾಯಿ ಮನೆಯೊಳಗೆ ಕೂರುತ್ತದೆ, ಹುಲಿ-ಕುರಿ ಆಟದ್ದು ಗೆರೆಗಳು ಕೂಡುವಲ್ಲಿ. ಪಿಕ್ಸೆಲ್ ಮೊದಲನೆಯದು, ಹಾಟ್‌ಸ್ಪಾಟ್ ಎರಡನೆಯದು. ನಿಮ್ಮ ಉಂಗುರ ಎಂಟು ಮನೆ ಅಗಲ, ಸಮಸಂಖ್ಯೆ, ನಟ್ಟನಡುವೆ ಪಿಕ್ಸೆಲ್ಲೇ ಇಲ್ಲ. ಸೊನ್ನೆಯಿಂದ ಗೆರೆ ಎಣಿಸಿದರೆ ಉಂಗುರ 1ರಿಂದ 9ರವರೆಗೆ, ನಡು ಸರಿಯಾಗಿ 5. ಉದ್ದಕ್ಕೂ 5, ಅಡ್ಡಕ್ಕೂ 5. ಟೈಪಿಸಿ, ಓಡಿಸಿ, ಹಳ್ಳಿಯ ಮೇಲೆ ಒತ್ತಿ. ಹಳ್ಳಿ ಉಬ್ಬಿ ಬರುತ್ತದೆ.

ಈ ಲೆಕ್ಕ ಹಳತಾಗಿಲ್ಲ. ಇವತ್ತು ಬ್ರೌಸರಿಗೆ ಸ್ವಂತ ಕರ್ಸರ್ ಬರೆಯುವವರೂ ಚಿತ್ರದ ವಿಳಾಸದ ಪಕ್ಕದಲ್ಲಿ ಎರಡು ಅಂಕಿ ಕೊಡಬಹುದು. ಕೊಡದಿದ್ದರೆ ಸಾಮಾನ್ಯವಾಗಿ ಅದೇ ಎಡಮೇಲ್ಮೂಲೆ.

ಕುತೂಹಲಕ್ಕೆ ಇನ್ನೊಂದು ಮಾಡಿ. ಕ್ಲಿಕ್ಕಿಗೆ ಬೇಕೆಂದೇ ಮುಗಿಯದ ಲೂಪೊಂದನ್ನು ಕಟ್ಟಿ ಓಡಿಸಿ. ಒತ್ತಿದ ಕೂಡಲೆ ಪ್ರೋಗ್ರಾಮ್ ಸತ್ತಿತು. ಮೆನು ಇಳಿಯುವುದಿಲ್ಲ, ಕಿಟಕಿ ಮುಚ್ಚುವುದಿಲ್ಲ. ಆದರೆ ಮೌಸ್ ಎಳೆಯಿರಿ: ಭೂತಗನ್ನಡಿ ಏನೂ ಆಗದಂತೆ ನಯವಾಗಿ ತೇಲುತ್ತದೆ. ಅದನ್ನು ಓಡಿಸುವವರು ನೀವಲ್ಲ. ಮೌಸಿನ ಹೊಟ್ಟೆಯಲ್ಲಿ ಚೆಂಡು ಉರುಳಿದಾಗ ತೂತುಚಕ್ರ ಬೆಳಕನ್ನು ಕಡಿಯುತ್ತದೆ, ಪ್ರತಿ ಕಡಿತಕ್ಕೂ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಎಣಿಸಿಕೊಳ್ಳುತ್ತದೆ. ಪರದೆ ಸೆಕೆಂಡಿಗೆ ಸುಮಾರು ಅರವತ್ತು ಸಲ ಮೇಲಿನಿಂದ ಮತ್ತೆ ಬರೆಯಿಸಿಕೊಳ್ಳುವಾಗ ನಡುವೆ ಸಿಗುವ ಚೂರು ಬಿಡುವಿನಲ್ಲಿ ಹಳೆಯ ಜಾಗದ ಚುಕ್ಕಿಗಳನ್ನು ಹಿಂದಿರುಗಿಸಿ, ಹೊಸ ಜಾಗದ್ದನ್ನು ಎತ್ತಿಟ್ಟುಕೊಂಡು, ಅಲ್ಲಿ ಭೂತಗನ್ನಡಿ ಅಚ್ಚೊತ್ತುತ್ತದೆ. ನಿಮ್ಮ ಲೂಪಿಗೆ ಇದು ಗೊತ್ತೇ ಇಲ್ಲ. ಬಳಸುವವನ ಕೈ ಮಾತ್ರ ಎಂದೂ ಸ್ತಬ್ಧವಾಗಬಾರದೆಂದು ಈ ಯಂತ್ರ ಕಟ್ಟಿದವರು ಹಟ ಹಿಡಿದಿದ್ದಾರೆ. ನನ್ನ ಕಣ್ಣಿಗೆ ಇಡೀ ಮ್ಯಾಕ್‌ನಲ್ಲಿ ಇದಕ್ಕಿಂತ ಸಭ್ಯವಾದ ಕೋಡ್ ಇಲ್ಲ, ಸತ್ತ ಪ್ರೋಗ್ರಾಮು ಬದುಕಿದೆಯೆಂದು ನಂಬಿಸುವ ದೋಷ ಅದಕ್ಕಿದ್ದರೂ. ಯಂತ್ರದ ಎಡಬದಿಯ ರೀಸೆಟ್ ಗುಂಡಿ ಒತ್ತಿ, ಮತ್ತೆ ಶುರು ಮಾಡಿ.

ಇನ್ನು ಕತ್ತರಿ. ನಕ್ಷೆಯಿಂದ ತುಂಡು ಕತ್ತರಿಸಿಕೊಳ್ಳಲು ಬೇಕು. ಬಾಯಿ ಮೇಲೆ, ಹಿಡಿ ಕೆಳಗೆ. ಬಿಂದು ಎಲ್ಲಿಡುವುದು, ಅಲಗುಗಳು ಕೂಡುವ ಮೊಳೆಯ ಮೇಲೋ, ತುದಿಯಲ್ಲೋ? ನಿಜವಾದ ಕತ್ತರಿಗೆ ಮೊಳೆಯ ಬಳಿ ಕಸುವು ಹೆಚ್ಚು. ಆದರೆ ಪಕ್ಕದ ಕೋಣೆಯವರನ್ನು ಕರೆದು, ಏನೂ ಹೇಳದೆ ಮೌಸ್ ಕೊಟ್ಟು ನೋಡಿ. ಅವರು ತುದಿಯನ್ನು ಗೆರೆಗೆ ತಾಗಿಸುತ್ತಾರೆ, ಮೊಳೆಯತ್ತ ನೋಡುವುದೂ ಇಲ್ಲ. ಹಾಗಾದರೆ ತುದಿ: ಅಡ್ಡಕ್ಕೆ 8, ಕೆಳಮುಖವಾಗಿ 1. ಭೂತಗನ್ನಡಿಗೆ ಎರಡೂ 5 ಇದ್ದುದರಿಂದ ಬಚಾವಾಗಿದ್ದಿರಿ, ಈ ಸಲ ಹಾಗಿಲ್ಲ. ಕ್ವಿಕ್‌ಡ್ರಾ ಬಿಂದುವನ್ನು ನೆನಪಿನಲ್ಲಿ ಇಡುವುದು ಉದ್ದ ಮೊದಲು, ಅಡ್ಡ ಆಮೇಲೆ. ಶಾಲೆಯಲ್ಲಿ ಕಲಿತದ್ದಕ್ಕೆ ತದ್ವಿರುದ್ಧ. ಬೆರಳು ಅಭ್ಯಾಸಬಲದಿಂದ 8ರ ಕಡೆಗೆ ಹೋಗುತ್ತದೆ. ತಡೆಯಿರಿ. 0001, ಆಮೇಲೆ 0008. ಕಂಪೈಲ್ ಕೊಟ್ಟು ಕುರ್ಚಿಯನ್ನು ಬಲಕ್ಕೆ ತಿರುಗಿಸಿ.