ಪ್ರಿಂಟರ್ ಕೆಟ್ಟಿರಲಿಲ್ಲ

ಮೇಲ್ಮನವಿ ಕೊಡಲು ಉಳಿದಿದ್ದು ಒಂದೇ ದಿನ. ದೇವದುರ್ಗ ತಾಲ್ಲೂಕಿನ ಹಳ್ಳಿಯಿಂದ ಗಬ್ಬೂರಿನ ಮೇಲೆ ಬಸ್ಸಿನಲ್ಲಿ ಬಂದ ದೊಡ್ಡಪ್ಪ, ಸಂಜೆ ಹೊತ್ತಿಗೆ ರಾಯಚೂರಿನ ನಮ್ಮ ಖೋಲಿಯ ಬಾಗಿಲಲ್ಲಿ ನಿಂತಿದ್ದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಗೊಬ್ಬರದಂಗಡಿಯ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಕಾಲುವೆಗೆ ಹೋದ ಹೊಲದ ಕಾಗದಗಳು: ಹಳೇ ಪಹಣಿ, ನೋಟಿಸು, ಬ್ಯಾಂಕ್ ಪಾಸ್‌ಬುಕ್ಕು. ಎಲ್ಲಕ್ಕಿಂತ ಮೇಲೆ ಒಂದು ಹಾಳೆ. ಪರಿಹಾರದ ಲೆಕ್ಕ ಕೊಡಿ ಎಂದು ಮಾಹಿತಿ ಹಕ್ಕಿನಡಿ ಕೇಳಿದ್ದಕ್ಕೆ ಕಚೇರಿಯವರು ಕೊಟ್ಟ ಉತ್ತರ ಅದು. ‘ಮಾಹಿತಿ ಲಭ್ಯವಿಲ್ಲ’ ಅಂತ ಒಂದೇ ಸಾಲು.

ಮಾಹಿತಿ ಹಕ್ಕು ಕಾಯ್ದೆ 2005ರ ಪ್ರಕಾರ, ಉತ್ತರ ಕೈಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಕೊಡಬೇಕು. ದೊಡ್ಡಪ್ಪನ ಲೆಕ್ಕದಲ್ಲಿ ಅಂದು 29ನೇ ದಿನ.

ನಾವು ಅಂದರೆ ಮೂವರು. ಪತ್ರಿಕೋದ್ಯಮ ಡಿಪ್ಲೊಮಾ ಒಟ್ಟಿಗೆ ಮುಗಿಸಿದವರು. ಒಬ್ಬ ರಾಯಚೂರು ನಗರದ ಸುದ್ದಿ ನೋಡುತ್ತಾನೆ, ಒಬ್ಬ ದೇವದುರ್ಗ, ಇನ್ನೊಬ್ಬ ಮಾನ್ವಿ. ಖೋಲಿ, ಹಳೇ ಕಂಪ್ಯೂಟರ್, ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಆಲ್ ಇನ್ ಒನ್ ಪ್ರಿಂಟರ್ ಮೂವರದೂ. ದೊಡ್ಡಪ್ಪ ನಮ್ಮ ದೇವದುರ್ಗದವನ ಓಣಿಯವರು. ಹಾಗಾಗಿ ನಮಗೆಲ್ಲ ದೊಡ್ಡಪ್ಪನೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನಮ್ಮ ಕಂಪ್ಯೂಟರ್ ವಿಂಡೋಸ್ 11 ಹಾಕುವಷ್ಟು ಹೊಸದಲ್ಲ. ಮಾನ್ವಿಯವನು ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಮಿಂಟ್ ತಂದು ಹಾಕಿದ. ದುಡ್ಡು ಕೊಡುವುದಿಲ್ಲ, ಕದ್ದ ಪ್ರತಿಯೂ ಅಲ್ಲ. ತೆವಳುತ್ತಿದ್ದ ಕಂಪ್ಯೂಟರ್ ನಡೆಯತೊಡಗಿತು. ಪ್ರಿಂಟರ್ ನೋಡುವುದೊಂದು ಬಾಕಿ ಇತ್ತು. ‘ನಾಳೆ ನೋಡೋಣ’ ಅಂತ ಬಿಟ್ಟಿದ್ದೆವು. ಆ ನಾಳೆ ದೊಡ್ಡಪ್ಪನ ಜೊತೆಗೇ ಬಂತು.

ಮೇಲ್ಮನವಿ ಟೈಪ್ ಮಾಡಿ ಪ್ರಿಂಟ್ ಕೊಟ್ಟೆವು. ಕೆಲಸ ಕಳಿಸಲಾಗಿದೆ ಅಂತ ಪರದೆ ಹೇಳಿತು, ಯಂತ್ರ ಮಿಸುಕಲಿಲ್ಲ. ಮತ್ತೆ ಕೊಟ್ಟೆವು, ಮತ್ತೆ ಮತ್ತೆ ಕೊಟ್ಟೆವು. ಕೇಬಲ್ ಕಿತ್ತು ಹಾಕಿದೆವು. ಅಷ್ಟರಲ್ಲಿ ಕರೆಂಟ್ ಹೋಯಿತು. ಮೊಬೈಲ್ ಟಾರ್ಚಿನ ಬೆಳಕಲ್ಲಿ ದೊಡ್ಡಪ್ಪ ಮೆಲ್ಲಗೆ ಕೇಳಿದರು:

“ತಮ್ಮಾ, ಕೈಲೆ ಬರ್ದು ಕೊಟ್ರ ತಗೊಳ್ಳಂಗಿಲ್ಲೇನು?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಟೈಪ್ ಮಾಡಿಯೇ ಕೊಡಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಮಾಹಿತಿ ಹಕ್ಕಿನ ಬಗ್ಗೆ ಲೇಖನ ಬರೆದ ನಮಗೇ ಅದು ಹೊಳೆಯಲಿಲ್ಲ. ಅದೇ ಬೆಳಕಲ್ಲಿ ಕೈಯಿಂದ ಬರೆದೆವು, ದೊಡ್ಡಪ್ಪ ಸಹಿ ಹಾಕಿದರು. ಕರೆಂಟ್ ಬಂದ ಮೇಲೆ ಪ್ರಿಂಟರಿನ ಮೇಲಿನ ಕಾಪಿ ಗುಂಡಿ ಒತ್ತಿದರೆ ಪ್ರತಿ ಸರಾಗವಾಗಿ ಬಂತು! ಮರುದಿನ ಕಚೇರಿಯಲ್ಲಿ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಸೀಲು ಹಾಕಿಸಿಕೊಂಡು ದೊಡ್ಡಪ್ಪ ಖೋಲಿಗೆ ಬಂದರು. ಕಾಗದದ ಚೀಲ ನಮ್ಮ ಹತ್ತಿರ ಬಿಟ್ಟು, “ಎರಡು ದಿನದಾಗ ಕೊಟ್ಟುಬಿಡ್ರಿ, ಇವು ಬಿಟ್ರ ಬ್ಯಾರೆ ಇಲ್ಲ” ಅಂದರು.

ಕಾಪಿ ಬಂತು ಅಂದಮೇಲೆ ಪ್ರಿಂಟರ್ ಕೆಟ್ಟಿಲ್ಲ. ಹಾಗಾದರೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ?

ಆ ರಾತ್ರಿ ನಮಗೆ ತಿಳಿದಿದ್ದು ಇಷ್ಟು. ಆಲ್ ಇನ್ ಒನ್ ಅಂದರೆ ಒಂದೇ ಮನೆಗೆ ಮೂರು ಬಾಗಿಲು. ಕಾಪಿ ಮಾಡಲು ಕಂಪ್ಯೂಟರ್ ಬೇಡ, ಯಂತ್ರ ತಾನೇ ಮಾಡುತ್ತದೆ. ಪ್ರಿಂಟ್ ನೋಡಿಕೊಳ್ಳುವುದು ಲಿನಕ್ಸ್‌ನಲ್ಲಿ ಕಪ್ಸ್ ಎಂಬ ತಂತ್ರಾಂಶ. ಸ್ಕ್ಯಾನ್ ನೋಡಿಕೊಳ್ಳುವುದು ಸೇನ್ ಎಂಬ ಇನ್ನೊಂದು. ಒಂದು ಬಾಗಿಲು ತೆರೆದರೆ ಇನ್ನೊಂದು ತೆರೆಯುತ್ತದೆ ಅಂತೇನಿಲ್ಲ. ಒಂದೊಂದನ್ನೇ ಬೇರೆ ಬೇರೆ ನೋಡಬೇಕು.

ಮೊದಲು ಪ್ರಿಂಟ್. ಬ್ರೌಸರಿನ ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಇಂಗ್ಲಿಷ್‌ನಲ್ಲಿ ಬರೆದು, ಕೋಲನ್ ಹಾಕಿ 631 ಎಂದರೆ ಕಪ್ಸ್‌ನ ಪುಟ ತೆರೆಯುತ್ತದೆ. ಅದಕ್ಕೆ ಇಂಟರ್ನೆಟ್ ಬೇಡ. ಅಲ್ಲಿ ನಮ್ಮ ಪ್ರಿಂಟರಿನ ಮುಂದೆ ‘ಪಾಸ್ಡ್’ ಅಂತ ಇತ್ತು. ಒಮ್ಮೆ ತಪ್ಪಾದರೆ ಕಪ್ಸ್ ಸರದಿಯನ್ನು ತಡೆದು ನಿಲ್ಲಿಸುವುದುಂಟು. ಆಮೇಲೆ ಏನೇ ಕಳಿಸಿದರೂ ರೇಷನ್ ಅಂಗಡಿ ಮುಂದಿನ ಚೀಲದ ಹಾಗೆ ಸಾಲಿನಲ್ಲಿ ಕೂರುತ್ತದೆ. ತಪ್ಪು ಏನೆಂದು ನೋಡಿದರೆ, ಸೇರಿಸುವಾಗ ನಾವು ಆರಿಸಿದ್ದ ಮಾದರಿಗೂ ಯಂತ್ರದ ಹಿಂದಿನ ಚೀಟಿಯಲ್ಲಿದ್ದ ಮಾದರಿಗೂ ಒಂದು ಅಕ್ಷರದ ವ್ಯತ್ಯಾಸ. ಮಾಡಿಫೈಗೆ ಹೋಗಿ ಸರಿಯಾದ ಮಾದರಿ ಆರಿಸಿ, ರೆಸ್ಯೂಮ್ ಒತ್ತಿದೆವು. ಯಂತ್ರ ಗರ್ ಎಂದಿತು. ಹಿಂದಿನ ಸಂಜೆ ಕೊಟ್ಟಿದ್ದೆಲ್ಲ, ಅದೇ ಮೇಲ್ಮನವಿ, ಹನ್ನೊಂದು ಸಲ ಹೊರಗೆ ಬಂತು. ಹಾಳೆಯ ಬೆನ್ನಿಗೆ ಈಗ ಸುದ್ದಿಯ ಟಿಪ್ಪಣಿ ಬರೆಯುತ್ತಿದ್ದೇವೆ.

ಆಮೇಲೆ ಸ್ಕ್ಯಾನ್. ಟರ್ಮಿನಲ್‌ನಲ್ಲಿ ಸ್ಕ್ಯಾನರ್ ಪಟ್ಟಿ ಕೇಳಿದರೆ ಏನೂ ಇಲ್ಲ ಎನ್ನುತ್ತಿತ್ತು. ಸುಡೊ ಸೇರಿಸಿ, ಅಂದರೆ ಯಜಮಾನನ ಅಧಿಕಾರದಲ್ಲಿ ಕೇಳಿದರೆ ಹೆಸರು ಹೇಳುತ್ತಿತ್ತು. ಅಂದರೆ ಕಂಪ್ಯೂಟರಿಗೆ ಯಂತ್ರ ಕಾಣುತ್ತಿದೆ, ಮುಟ್ಟಲು ನಮಗೆ ಅನುಮತಿ ಇಲ್ಲ. ನಮ್ಮ ಖಾತೆಯನ್ನು ಸ್ಕ್ಯಾನರ್ ಗುಂಪಿಗೆ ಸೇರಿಸಿ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆವು. ಗಾಜಿನ ಕೆಳಗೆ ಬೆಳಕು ಓಡಿತು. ದೊಡ್ಡಪ್ಪನ ಕಾಗದಗಳನ್ನೆಲ್ಲ ಅಂದೇ ಸ್ಕ್ಯಾನ್ ಮಾಡಿ, ಮರುದಿನ ಚೀಲ ಅವರ ಕೈಗೆ ಮುಟ್ಟಿಸಿದೆವು.

ಇನ್ನೊಂದು ಮಾತು. ನುಡಿಯ ಹಳೇ ಅಕ್ಷರದಲ್ಲಿ ಟೈಪ್ ಮಾಡಿದ ಫೈಲು ಬೇರೆ ಕಂಪ್ಯೂಟರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಗಾಬರಿ ಬೇಡ. ಅದು ಪ್ರಿಂಟರಿನ ತಪ್ಪಲ್ಲ, ಫಾಂಟಿನದು. ಯುನಿಕೋಡ್‌ಗೆ ಬದಲಿಸಿಕೊಂಡರೆ ಎಲ್ಲ ಕಡೆಯೂ ಕನ್ನಡವಾಗಿಯೇ ಕಾಣುತ್ತದೆ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ.

ಇದೆಲ್ಲ ಹುಡುಕುವಾಗ ಒಂದು ಕಥೆ ಓದಿದೆವು. ನಮ್ಮ ಕಡೆ ಯಾವ ಪ್ರತಿ ತೆಗೆಸಿದರೂ ‘ಜೆರಾಕ್ಸ್’ ಅನ್ನುತ್ತೇವೆ. ಅದು ಅಮೆರಿಕದ ಕಂಪನಿಯೊಂದರ ಹೆಸರು. 1980ರ ಆಸುಪಾಸಿನಲ್ಲಿ ಎಂಐಟಿಯ ಪ್ರಯೋಗಾಲಯಕ್ಕೆ ಆ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕರೆ ಎಲ್ಲರಿಗೂ ಸಂದೇಶ ಹೋಗುವಂತೆ ರಿಚರ್ಡ್ ಸ್ಟಾಲ್‌ಮನ್ ತಂತ್ರಾಂಶ ತಿದ್ದಿದ್ದರು. ಹೊಸದಕ್ಕೂ ಹಾಗೆ ಮಾಡಲು ಹೋದರೆ ಮೂಲ ಕೋಡ್ ಸಿಗಲಿಲ್ಲ. ಅದು ಇದ್ದ ಇನ್ನೊಂದು ವಿಶ್ವವಿದ್ಯಾಲಯದವರು, ಕೊಡುವುದಿಲ್ಲ ಅಂತ ಮಾತು ಕೊಟ್ಟಿದ್ದೇವೆ ಅಂದರು. ಆ ಸಿಟ್ಟು ಅವರಲ್ಲಿ ಉಳಿಯಿತು. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಅದರ ಜೊತೆ ಸೇರಿತು. ‘ಕೊಡುವುದಿಲ್ಲ’ ಅನ್ನುವ ಉತ್ತರ ದೊಡ್ಡಪ್ಪನಿಗೂ ಹೊಸದಲ್ಲ. ಕೇಳುವುದನ್ನು ಬಿಡದಿದ್ದರೆ ಏನಾದರೊಂದು ಆಗುತ್ತದೆ ಅಂತ ನಮಗೆ ಅನಿಸಿತು.

ನೀವು ಪ್ರಿಂಟರ್ ಕೊಳ್ಳುವವರಿದ್ದರೆ, ದುಡ್ಡು ಕೊಡುವ ಮೊದಲೇ ಪೂರ್ತಿ ಮಾದರಿ ಹೆಸರು ಬರೆದುಕೊಂಡು, ಲಿನಕ್ಸ್‌ನಲ್ಲಿ ಪ್ರಿಂಟ್, ಸ್ಕ್ಯಾನ್ ಎರಡೂ ಆಗುತ್ತವೆಯೇ ಹುಡುಕಿ ನೋಡಿ. ಡಬ್ಬಿಯ ಮೇಲೆ ‘ಏರ್‌ಪ್ರಿಂಟ್’ ಅಂತ ಇದ್ದರೆ ಬಹುಮಟ್ಟಿಗೆ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಕೆಲವು ಮಾದರಿಗಳಿಗೆ ಕಂಪನಿಯದೇ ಪ್ಲಗಿನ್ ಬೇರೆ ಇಳಿಸಿಕೊಳ್ಳಬೇಕು.

ಮೊನ್ನೆ ಮಾನ್ವಿಯ ಒಂದು ಜೆರಾಕ್ಸ್ ಅಂಗಡಿಯ ಹುಡುಗ, “ಅಣ್ಣಾ, ಪ್ರಿಂಟರ್ ಹೋತು, ಹೊಸಾದು ತರಬೇಕು” ಅಂತ ಫೋನ್ ಮಾಡಿದ್ದ. ನಮ್ಮವನು ಹೋಗಿ ನೋಡಿದರೆ ಅದೇ ‘ಪಾಸ್ಡ್’. ಚಹಾ ತಣ್ಣಗಾಗುವಷ್ಟರಲ್ಲಿ ಸರಿಯಾಯಿತು.

ದೊಡ್ಡಪ್ಪನಿಗೆ ಇನ್ನೂ ಉತ್ತರ ಬಂದಿಲ್ಲ. ಮೊದಲ ಮೇಲ್ಮನವಿ ಇತ್ಯರ್ಥಕ್ಕೆ 30 ದಿನ, ಕಾರಣ ಬರೆದಿಟ್ಟರೆ 45 ದಿನ. ಆಮೇಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬೇಕು. ಅದಕ್ಕೆ ಬೇಕಾದ ಕಾಗದ ಎಲ್ಲ ಸ್ಕ್ಯಾನ್ ಆಗಿ ಮೂವರ ಹತ್ತಿರವೂ ಇವೆ. ಪ್ರತಿ ಭಾನುವಾರ ದೊಡ್ಡಪ್ಪ ಫೋನ್ ಮಾಡುತ್ತಾರೆ. ಮೊದಲು ಮಳೆ ಬೆಳೆ ಮಾತು, ಆಮೇಲೆ ಒಂದೇ ಪ್ರಶ್ನೆ: “ತಮ್ಮಾ, ಇವತ್ತಿಗೆ ಎಷ್ಟನೇ ದಿನ?”